ರಸ್ತೆ ಸುರಂಗದಲ್ಲಿ ಬೆಂಕಿ ಬಿದ್ದರೆ ಜನ ಏನು ಮಾಡುತ್ತಾರೆ? ಕಂಪ್ಯೂಟರಿನಲ್ಲಿ ಮಾಡಿ ನೋಡುವ ಬಗೆ

ಸುರಂಗದಲ್ಲಿ ಬೆಂಕಿ ಬಿದ್ದರೆ ಜನ ಕೂಡಲೇ ಓಡುವುದಿಲ್ಲ. ಕಾರಿನಲ್ಲೇ ಕೂತಿರುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡುವ ಪ್ರಾಜೆಕ್ಟಿಗೆ ಹೊರಟವರು ಹೆಚ್ಚಾಗಿ ಓಟದಿಂದಲೇ ಶುರು ಮಾಡುತ್ತಾರೆ. ಎಷ್ಟು ವೇಗ, ಯಾವ ಬಾಗಿಲು, ಎಷ್ಟು ನೂಕುನುಗ್ಗಲು ಅಂತ. ಅದೆಲ್ಲ ಬೇಕು. ಆದರೆ ಸಾವು ಬದುಕು ತೀರ್ಮಾನ ಆಗುವುದು ಅದಕ್ಕೂ ಮೊದಲು, ಸೀಟಿನಲ್ಲಿ ಕೂತು ಕಳೆದ ಆ ಕೆಲವು ನಿಮಿಷಗಳಲ್ಲಿ.

1999ರ ಮಾರ್ಚ್ 24ರಂದು ಫ್ರಾನ್ಸ್ ಮತ್ತು ಇಟಲಿ ನಡುವಿನ ಮೋಂ ಬ್ಲಾಂ ಸುರಂಗದಲ್ಲಿ ಹಿಟ್ಟು ಮತ್ತು ಮಾರ್ಗರೀನ್ ತುಂಬಿದ ಲಾರಿಯೊಂದಕ್ಕೆ ಬೆಂಕಿ ಹತ್ತಿತು. 39 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸಿಕ್ಕಿದ್ದು ತಮ್ಮ ವಾಹನದ ಒಳಗೇ. ಆಮೇಲೆ ನೆದರ್ಲೆಂಡ್ಸ್‌ನ ಬೆನೆಲಕ್ಸ್ ಸುರಂಗದಲ್ಲಿ ಒಂದು ಪ್ರಯೋಗ ಮಾಡಿದರು. ಚಾಲಕರಿಗೆ ವಿಷಯ ತಿಳಿಸದೆ ಮುಂದೆ ಲಾರಿ ನಿಲ್ಲಿಸಿ ಹೊಗೆ ಬಿಟ್ಟರು. ಹೊಗೆ ಕಣ್ಣೆದುರಿಗೇ ಬರುತ್ತಿದ್ದರೂ ಅವರು ಕಾರಿನಲ್ಲಿ ಕಾಯುತ್ತಾ ಇದ್ದರು, ಧ್ವನಿವರ್ಧಕದಲ್ಲಿ ಹೇಳಿದ ಮೇಲೆಯೇ ಇಳಿದರು. ಅವರು ದಡ್ಡರೇನಲ್ಲ. ನೀವು ನಾನು ಇದ್ದರೂ ಹಾಗೇ ಮಾಡುತ್ತಿದ್ದೆವು. ಟ್ರಾಫಿಕ್ ನಿಂತರೆ ಕಾಯಬೇಕು ಅನ್ನುವುದು ನಮಗೆಲ್ಲ ಮೈಗೆ ಹತ್ತಿದ ಅಭ್ಯಾಸ.

ನಮ್ಮ ಕಾಸರಗೋಡಿನ ಹೆದ್ದಾರಿಯಲ್ಲಿ ಸುರಂಗ ಇಲ್ಲ, ನಮಗ್ಯಾಕೆ ಇದು ಅಂತ ಕೇಳಬಹುದು. ನಾವು ದಕ್ಷಿಣಕ್ಕೆ ಹೋಗುವಾಗ ತ್ರಿಶ್ಶೂರಿನ ಹತ್ತಿರ ಕುದಿರಾನ್ ಸುರಂಗ ಉಂಟು. ಒಂದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಉದ್ದ, ಎರಡು ಕೊಳವೆ, ಮೊದಲನೆಯದು 2021ರಲ್ಲಿ ತೆರೆಯಿತು. ಆನಕ್ಕಾಂಪೊಯಿಲ್‌ನಿಂದ ವಯನಾಡಿನ ಮೇಪ್ಪಾಡಿಗೆ ಎಂಟು ಕಿಲೋಮೀಟರಿಗೂ ಜಾಸ್ತಿ ಉದ್ದದ ಸುರಂಗದ ಕೆಲಸ 2025ರಲ್ಲಿ ಶುರುವಾಯಿತು. ಶಿರಾಡಿ ಘಾಟಿಗೂ ಸುರಂಗ ಬೇಕು ಅನ್ನುವ ಮಾತು ಎಷ್ಟೋ ವರ್ಷದಿಂದ ಕೇಳುತ್ತಿದ್ದೇವೆ. ಇವುಗಳಲ್ಲಿ ಓಡಾಡುವವರು ನಾವೇ. ಹಾಗಾಗಿ ಹಾಲೆಂಡಿನ ಚಾಲಕನನ್ನು ಮಾತ್ರ ಮಾದರಿಯಾಗಿ ಇಟ್ಟುಕೊಂಡರೆ ಸಾಕಾಗುವುದಿಲ್ಲ, ನಮ್ಮ ಬಸ್ಸು, ನಮ್ಮ ಅಜ್ಜಿ, ನಮ್ಮ ಐದಾರು ಭಾಷೆ ಎಲ್ಲ ಕಂಪ್ಯೂಟರಿನ ಮಾಡೆಲ್‌ನೊಳಗೆ ಬರಬೇಕು.

ಯಾವ ಸಾಫ್ಟ್‌ವೇರ್?

ದುಡ್ಡು ಕೊಡಬೇಕಾಗಿಲ್ಲ. ಹೊಸದಾಗಿ ಕಲಿಯುವವರಿಗೆ ನೆಟ್‌ಲೋಗೋ ಸಾಕು, ಅದು ಉಚಿತ. ಪೈಥಾನ್ ಗೊತ್ತಿದ್ದರೆ ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದ ಜುಪೆಡ್‌ಸಿಮ್ ತಗೊಳ್ಳಿ. ವಾಡೆರೆ ಅಂತ ಇನ್ನೊಂದು ಉಂಟು, ಅದೂ ಮುಕ್ತ ತಂತ್ರಾಂಶ. ಹೊಗೆಯ ಲೆಕ್ಕಕ್ಕೆ ಅಮೆರಿಕದ ನಿಸ್ಟ್ ಸಂಸ್ಥೆಯ ಎಫ್‌ಡಿಎಸ್ ಉಚಿತವಾಗಿ ಸಿಗುತ್ತದೆ, ಆದರೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಒಂದು ಕಿಲೋಮೀಟರ್ ಸುರಂಗ ಓಡಿಸಲಿಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಶುರುವಿಗೆ ಅದು ಬೇಡ. ಹೊಗೆ ಇಷ್ಟು ವೇಗದಲ್ಲಿ ಬರುತ್ತದೆ ಅಂತ ನೀವೇ ಒಂದು ಸಂಖ್ಯೆ ಕೊಟ್ಟುಬಿಡಿ. ಜನರ ಭಾಗ ಗಟ್ಟಿಯಾದ ಮೇಲೆ ಹೊಗೆಯ ಕಡೆ ತಿರುಗಿದರಾಯಿತು.

ನಾನು ಮುಂದೆ ಹೇಳುವುದೆಲ್ಲ ನೆಟ್‌ಲೋಗೋ ಮನಸ್ಸಿನಲ್ಲಿಟ್ಟುಕೊಂಡೇ. ಬೇರೆಯದರಲ್ಲೂ ಯೋಚನೆ ಒಂದೇ.

ಮೊದಲು ಸುರಂಗ, ಆಮೇಲೆ ವಾಹನ

ಒಂದು ಕಾಲ್ಪನಿಕ ಸುರಂಗ ಇಟ್ಟುಕೊಳ್ಳೋಣ. 1000 ಮೀಟರ್ ಉದ್ದ, 10 ಮೀಟರ್ ಅಗಲ, ಎರಡು ಲೇನ್, ಒಂದೇ ದಿಕ್ಕಿನ ಸಂಚಾರ. ಪ್ರತಿ 250 ಮೀಟರಿಗೆ ಒಂದು ತುರ್ತು ಬಾಗಿಲು. ನಿಜವಾದ ಸುರಂಗಗಳಲ್ಲಿ ಈ ಅಂತರ ಬೇರೆ ಬೇರೆ ಇರುತ್ತದೆ. ಜಮ್ಮುವಿನ ಚೆನಾನಿ–ನಾಶ್ರಿ ಸುರಂಗದಲ್ಲಿ 300 ಮೀಟರಿಗೊಂದು ಅಡ್ಡದಾರಿ, ಯುರೋಪಿನ 2004ರ ನಿರ್ದೇಶನದಲ್ಲಿ ಬಾಗಿಲುಗಳ ನಡುವೆ 500 ಮೀಟರಿಗಿಂತ ಜಾಸ್ತಿ ಇರಬಾರದು. ನಮ್ಮ ದೇಶದ ಸುರಂಗಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 91 ಕೈಪಿಡಿ ಉಂಟು, ಅದನ್ನು ತಂದು ಓದಿ.

ನೆಟ್‌ಲೋಗೋದಲ್ಲಿ ಪರದೆಯ ಒಂದು ಚೌಕಕ್ಕೆ ಪ್ಯಾಚ್ ಅಂತಾರೆ, ಗಡಿಯಾರದ ಒಂದು ಹೆಜ್ಜೆಗೆ ಟಿಕ್. ಒಂದು ಪ್ಯಾಚ್ ಅಂದರೆ ಅರ್ಧ ಮೀಟರ್, ಒಂದು ಟಿಕ್ ಅಂದರೆ ಅರ್ಧ ಸೆಕೆಂಡ್. ಹಾಗೆ ಇಟ್ಟರೆ ಸೆಕೆಂಡಿಗೆ ಒಂದು ಮೀಟರ್ ನಡೆಯುವವನು ಒಂದು ಟಿಕ್‌ಗೆ ಒಂದು ಪ್ಯಾಚ್ ಮುಂದೆ ಹೋಗುತ್ತಾನೆ. ಲೆಕ್ಕ ತಲೆಯಲ್ಲೇ ಮಾಡಬಹುದು.

ಬೆಂಕಿಯನ್ನು 600ನೇ ಮೀಟರಿನಲ್ಲಿ ಇಡಿ. ಒಂದೇ ದಿಕ್ಕಿನ ಸಂಚಾರ ಆದರೆ ಬೆಂಕಿಯ ಮುಂದೆ ಇದ್ದವರು ಗಾಡಿ ಓಡಿಸಿಕೊಂಡು ಹೊರಗೆ ಹೋಗುತ್ತಾರೆ, ಹಿಂದೆ ಇದ್ದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡೂ ದಿಕ್ಕಿನ ಸಂಚಾರ ಇದ್ದರೆ ಎರಡೂ ಕಡೆಯವರು ಸಿಕ್ಕಿಬೀಳುತ್ತಾರೆ. ಮೋಂ ಬ್ಲಾಂ ಹಾಗೇ ಇತ್ತು, ಅದೇ ವರ್ಷ 12 ಜನ ಸತ್ತ ಆಸ್ಟ್ರಿಯಾದ ಟೌಎರ್ನ್ ಸುರಂಗ ಮತ್ತು 2001ರಲ್ಲಿ 11 ಜನ ಸತ್ತ ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಸುರಂಗವೂ ಹಾಗೇ. ಗೊಟ್ಹಾರ್ಡ್‌ನಲ್ಲಿ ಪಕ್ಕದಲ್ಲೇ ಪಾರಾಗುವ ಸಣ್ಣ ಸುರಂಗ ಇತ್ತು, ಅದರಿಂದ ಬಹಳ ಜನ ಉಳಿದರು.

ಹಿಂದಿನ 600 ಮೀಟರಿನಲ್ಲಿ ವಾಹನ ನಿಲ್ಲಿಸಿ. ಕಾರಿಗೆ ಏಳೆಂಟು ಮೀಟರ್, ಬಸ್ಸಿಗೆ, ಲಾರಿಗೆ ಅದರ ಎರಡು ಪಟ್ಟು. ಎಲ್ಲ ವಾಹನದಲ್ಲೂ ಇಬ್ಬರು ಅಂತ ಹಾಕಬೇಡಿ, ದಯವಿಟ್ಟು. ವಿದೇಶದ ಮಾಡೆಲ್‌ಗಳಿಂದ ಆ ಸಂಖ್ಯೆ ಎತ್ತಿಕೊಂಡರೆ ನಮ್ಮ ಲೆಕ್ಕ ಅಲ್ಲೇ ತಪ್ಪುತ್ತದೆ. ತಲಪಾಡಿಯಲ್ಲಿ ರಸ್ತೆ ಬದಿ ನಿಂತು ಒಂದು ಬೆಳಗ್ಗೆ ನೋಡಿ. ಕಾಸರಗೋಡು ಕಡೆಯಿಂದ ಮಂಗಳೂರಿನ ಆಸ್ಪತ್ರೆಗೆ ಹೋಗುವ ಕಾರು, ಹಿಂದಿನ ಸೀಟಿನಲ್ಲಿ ಡಯಾಲಿಸಿಸ್‌ಗೆ ಹೊರಟ ಯಜಮಾನರು, ಪಕ್ಕದಲ್ಲಿ ಮಗಳು. ಮದುವೆಯ ಟೂರಿಸ್ಟ್ ಬಸ್ಸು. ಸೀಸನ್ನಿನಲ್ಲಿ ಶಬರಿಮಲೆ ಗಾಡಿಗಳು. ಕಾಲೇಜು ಮಕ್ಕಳು ನೇತಾಡುವ ಸರ್ವಿಸ್ ಬಸ್ಸು. ಪ್ರತಿ ಬಗೆಯ ವಾಹನದಲ್ಲಿ ಎಷ್ಟು ಜನ, ಅವರಲ್ಲಿ ಬೇಗ ನಡೆಯಲಾಗದವರು ಎಷ್ಟು ಅಂತ ಬರೆದುಕೊಳ್ಳಿ. ಆ ಕಾಗದವೇ ನಿಮ್ಮ ಮಾಡೆಲ್‌ನ ಅಸಲು.

ಬಸ್ಸು ಖಾಲಿಯಾಗಲು ಎಷ್ಟು ಹೊತ್ತು ಬೇಕು ಅನ್ನುವುದನ್ನೂ ಅಳೆದುಕೊಳ್ಳಬೇಕು. ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತರೆ ಸಾಕು. ಅಜ್ಜಿಯೊಬ್ಬರು ಇಳಿಯುವುದನ್ನು ನೋಡಿ. ಮೊದಲು ಕೈಚೀಲ ಕೆಳಗಿನ ಮೆಟ್ಟಿಲಿಗೆ ಇಡುತ್ತಾರೆ, ಕಂಬಿ ಹಿಡಿಯುತ್ತಾರೆ, ಒಂದು ಕಾಲು ಇಳಿಸಿ ಇನ್ನೊಂದನ್ನೂ ಅದೇ ಮೆಟ್ಟಿಲಿಗೆ ತರುತ್ತಾರೆ, ಆಮೇಲೆ ಮುಂದಿನ ಮೆಟ್ಟಿಲು. ಅಷ್ಟೂ ಹೊತ್ತು ಹಿಂದಿನವರು ನಿಂತಿರುತ್ತಾರೆ. ಇಲ್ಲಿ ಸರಾಸರಿ ತೆಗೆದರೆ ಈ ಅಜ್ಜಿ ಲೆಕ್ಕದಿಂದ ಮಾಯವಾಗುತ್ತಾರೆ. ಹಾಗಾಗಿ ಒಬ್ಬೊಬ್ಬರು ಇಳಿದ ಸಮಯವನ್ನೂ ಬೇರೆ ಬೇರೆ ಬರೆದು, ಅದರಿಂದ ಯಾದೃಚ್ಛಿಕವಾಗಿ ಎತ್ತಿ ಮಾಡೆಲ್‌ಗೆ ಕೊಡಿ. ಬಾಗಿಲು ಒಂದೋ ಎರಡೋ ಅನ್ನುವುದನ್ನೂ ಬರೆಯಿರಿ, ಅದು ದೊಡ್ಡ ವ್ಯತ್ಯಾಸ ಮಾಡುತ್ತದೆ.

ಕೂತವರನ್ನು ಎಬ್ಬಿಸುವುದು

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಎಲ್ಲಕ್ಕಿಂತ ಮುಖ್ಯ ಭಾಗ ಇದೇ.

ಮಾಡೆಲ್ ಒಳಗಿನ ಪ್ರತಿಯೊಬ್ಬ ಮನುಷ್ಯನಿಗೆ ಏಜೆಂಟ್ ಅಂತಾರೆ. ಪ್ರತಿಯೊಬ್ಬ ಏಜೆಂಟಿಗೆ ಒಂದು ಸ್ಥಿತಿ ಕೊಡಿ. ಕೂತಿದ್ದಾನೆ, ವಿಚಾರಿಸುತ್ತಿದ್ದಾನೆ, ಹೊರಡುವ ತಯಾರಿಯಲ್ಲಿದ್ದಾನೆ, ನಡೆಯುತ್ತಿದ್ದಾನೆ, ಪಾರಾಗಿದ್ದಾನೆ, ಕುಸಿದಿದ್ದಾನೆ. ಎಲ್ಲರೂ ಕೂತಲ್ಲಿಂದಲೇ ಶುರು. ಕೂತವನು ವಿಚಾರಿಸಲು ಶುರು ಮಾಡುವುದು ಏನಾದರೂ ಸುಳಿವು ಸಿಕ್ಕಾಗ. ಸುಳಿವು ಅಂದರೆ ಹೊಗೆ ಕಾಣುವುದು, ವಾಸನೆ, ಧ್ವನಿವರ್ಧಕದ ಮಾತು, ಪಕ್ಕದ ಕಾರಿನವರು ಇಳಿಯುವುದು, ಯಾರಾದರೂ ಬಂದು ಗಾಜು ಬಡಿಯುವುದು. ಪ್ರತಿಯೊಂದು ಸುಳಿವಿಗೂ ಒಂದು ತೂಕ ಕೊಡಿ. ಪ್ರತಿ ಟಿಕ್‌ಗೆ ಆ ತೂಕಗಳನ್ನು ಕೂಡಿಸಿ, ಅದರಿಂದ ಒಂದು ಸಂಭವನೀಯತೆ ತೆಗೆದು, ಮುಂದಿನ ಸ್ಥಿತಿಗೆ ದಾಟಬೇಕೋ ಬೇಡವೋ ಅಂತ ನೋಡಿ. ಒಂದೇ ಸುಳಿವು ಬಂದರೆ ಜನ ಅದನ್ನು ಸುಮ್ನೆ ಬಿಟ್ಟುಬಿಡುತ್ತಾರೆ, ಎರಡು ಮೂರು ಒಟ್ಟಿಗೆ ಬಂದರೆ ಏಳುತ್ತಾರೆ. ತೂಕಗಳನ್ನು ಕೂಡಿಸಿದಾಗ ಈ ಗುಣ ತಾನಾಗಿಯೇ ಬರುತ್ತದೆ.

ಇಷ್ಟು ಬರೆಯುವ ತಾಳ್ಮೆ ಇಲ್ಲದಿದ್ದರೆ ಹೊರಡುವ ಮುಂಚಿನ ಸಮಯಕ್ಕೆ ಲಾಗ್‌ನಾರ್ಮಲ್ ಹಂಚಿಕೆ ಬಳಸುವ ರೂಢಿ ಉಂಟು. ಹೆಚ್ಚಿನವರು ಬೇಗ ಹೊರಡುತ್ತಾರೆ, ಕೆಲವರು ಮಾತ್ರ ಬಹಳ ತಡ. ಆದರೆ ಹಾಗೆ ಮಾಡಿದರೆ ಒಬ್ಬರು ಇಳಿದದ್ದು ನೋಡಿ ಇನ್ನೊಬ್ಬರು ಇಳಿಯುವ ಸರಪಳಿ ಸಿಗುವುದಿಲ್ಲ. ನನ್ನ ಮಟ್ಟಿಗೆ ಆ ಸರಪಳಿಯೇ ಈ ಕೆಲಸದ ಜೀವಾಳ. ಬಾಗಿಲು ತೆಗೆದ ಮೊದಲ ಕಾರು ಎಲ್ಲಿತ್ತು ಅನ್ನುವುದರ ಮೇಲೆ ಇಡೀ ಸಾಲಿನ ಗತಿ ಬದಲಾಗುತ್ತದೆ.

ಇನ್ನು ಭಾಷೆ. ನಮ್ಮ ಗಡಿಯವರು ಈ ವಿಷಯವನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ಒಂದೇ ಬಸ್ಸಿನಲ್ಲಿ ಕನ್ನಡ, ಮಲಯಾಳಂ, ತುಳು, ಬ್ಯಾರಿ, ಕೊಂಕಣಿ ಕೇಳುತ್ತದೆ. ಹಿಂದಿನ ಲಾರಿಯವನು ತಮಿಳುನಾಡಿನವನೋ ಮಹಾರಾಷ್ಟ್ರದವನೋ ಆಗಿರುತ್ತಾನೆ. ಸುರಂಗದಲ್ಲಿ ಬರೀ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹೇಳಿದರೆ ಎಷ್ಟು ಜನಕ್ಕೆ ಕೂಡಲೇ ಅರ್ಥ ಆಗುತ್ತದೆ? ಅದರ ಮೇಲೆ ಕಾಂಕ್ರೀಟ್ ಗೋಡೆಗಳ ಪ್ರತಿಧ್ವನಿ, ಫ್ಯಾನಿನ ಸದ್ದು, ಕಾರಿನ ಗಾಜು ಮೇಲೆ, ಒಳಗೆ ಹಾಡು. ಆದ್ದರಿಂದ ಪ್ರತಿ ಏಜೆಂಟಿಗೆ ಗೊತ್ತಿರುವ ಭಾಷೆಗಳ ಪಟ್ಟಿ ಕೊಡಿ. ಅವನಿಗೆ ಗೊತ್ತಿರುವ ಭಾಷೆಯಲ್ಲಿ ಹೇಳಿದರೆ ಪೂರ್ತಿ ತೂಕ. ಇಲ್ಲದಿದ್ದರೆ ಏನೋ ಹೇಳುತ್ತಿದ್ದಾರೆ ಅನ್ನುವಷ್ಟೇ, ಅಂದರೆ ಸಣ್ಣ ತೂಕ. ಆದರೆ ಅದೇ ಕಾರಿನಲ್ಲಿ ಒಬ್ಬರಿಗೆ ಅರ್ಥ ಆದರೆ ಉಳಿದವರಿಗೂ ಆಯಿತು, ಅವರು ಹೇಳುತ್ತಾರಲ್ವಾ. ಬಸ್ಸಿನಲ್ಲಿ ಕಂಡಕ್ಟರ್ ಒಬ್ಬನಿಗೆ ಅರ್ಥವಾದರೆ ಸಾಕು, ಇಡೀ ಬಸ್ಸು ಎದ್ದು ನಿಲ್ಲುತ್ತದೆ. ಕಂಡಕ್ಟರಿಗೆ ಬೇರೆಯದೇ ಏಜೆಂಟ್ ಬಗೆ ಮಾಡಿ, ಅವನ ಮಾತಿಗೆ ದೊಡ್ಡ ತೂಕ ಕೊಡಿ.

ತಯಾರಿಯ ಸ್ಥಿತಿಗೂ ಸಮಯ ಬೇಕು. ನಿದ್ದೆಯ ಮಗುವನ್ನು ಎತ್ತಿಕೊಳ್ಳುವುದು, ಚಪ್ಪಲಿ ಹುಡುಕುವುದು, ಡಿಕ್ಕಿಯಿಂದ ಬ್ಯಾಗು ತೆಗೆಯುವುದು. ಆಸ್ಪತ್ರೆ ಫೈಲು ಬಿಟ್ಟು ಬರಲು ಯಾರಿಗೂ ಮನಸ್ಸಾಗುವುದಿಲ್ಲ.

ನಡಿಗೆ ಮತ್ತು ಹೊಗೆ

ಚದುರಿದ ಜನಕ್ಕೆ ಸೆಕೆಂಡಿಗೆ ಸುಮಾರು 1.2 ಮೀಟರ್ ನಡಿಗೆ ಅಂತ ಇಡುತ್ತಾರೆ. ಜನ ಹೆಚ್ಚಾದ ಹಾಗೆ ವೇಗ ಇಳಿಯುತ್ತದೆ. ಅಗ್ನಿ ಸುರಕ್ಷೆಯ ಎಂಜಿನಿಯರುಗಳು ಬಳಸುವ ಸೂತ್ರ ಹೀಗೆ: ಚದರ ಮೀಟರಿಗೆ ಎಷ್ಟು ಜನ ಅನ್ನುವುದನ್ನು 0.266ರಿಂದ ಗುಣಿಸಿ, ಒಂದರಿಂದ ಕಳೆದು, 1.4ರಿಂದ ಗುಣಿಸಿ. ಚದರ ಮೀಟರಿಗೆ 2 ಜನ ಇದ್ದರೆ ಸೆಕೆಂಡಿಗೆ ಸುಮಾರು 0.65 ಮೀಟರ್ ಬರುತ್ತದೆ. ಬಾಗಿಲಿಗೆ ಬೇರೆ ಲೆಕ್ಕ. 1.2 ಮೀಟರ್ ಬಾಗಿಲಿನಲ್ಲಿ ಎರಡೂ ಕಡೆ 15 ಸೆಂಟಿಮೀಟರ್ ಕಳೆದು ಉಳಿದ 0.9 ಮೀಟರಿಗೆ, ಮೀಟರಿಗೆ ಸೆಕೆಂಡಿಗೆ ಗರಿಷ್ಠ 1.3 ಜನ ಅಂತ ಹಾಕಿದರೆ, 100 ಜನ ದಾಟಲು ಸುಮಾರು 85 ಸೆಕೆಂಡ್. ಜನರ ತಳ್ಳಾಟವನ್ನೂ ತೋರಿಸಬೇಕು ಅನ್ನುವವರು ಹೆಲ್ಬಿಂಗ್ ಮತ್ತು ಮೋಲ್ನಾರ್ 1995ರಲ್ಲಿ ಕೊಟ್ಟ ಸೋಷಿಯಲ್ ಫೋರ್ಸ್ ಮಾಡೆಲ್ ಓದಿ. ಸುರಂಗದಲ್ಲಿ ಬಸ್ಸಿನ ಸುತ್ತ ಮತ್ತು ಬಾಗಿಲ ಬಳಿ ಬಿಟ್ಟರೆ ಅದರ ಅಗತ್ಯ ಅಷ್ಟೇನೂ ಬರುವುದಿಲ್ಲ.

ಹೊಗೆ ಬಂದರೆ ಎಲ್ಲ ಬದಲಾಗುತ್ತದೆ. ಸ್ವೀಡನ್ನಿನ ಸುರಂಗ ಪ್ರಯೋಗಗಳಿಂದ ಬಂದ ಒಂದು ಸರಳ ನಿಯಮ ಉಂಟು: 3 ಮೀಟರಿಗಿಂತ ಜಾಸ್ತಿ ಕಾಣುತ್ತಿದ್ದರೆ ಸೆಕೆಂಡಿಗೆ 1 ಮೀಟರ್. ಅಲ್ಲಿಂದ ಕೆಳಗೆ ಪ್ರತಿ ಮೀಟರ್ ಕಾಣುವಿಕೆ ಕಮ್ಮಿಯಾದಾಗ 0.34 ಕಳೆಯಿರಿ. ಎಷ್ಟೇ ದಟ್ಟ ಹೊಗೆಯಾದರೂ 0.2ಕ್ಕಿಂತ ಕೆಳಗೆ ಇಳಿಸಬೇಡಿ. ಹಾಗಾದರೆ ಒಂದೇ ಮೀಟರ್ ಕಾಣುವಾಗ ವೇಗ 0.32.

ಈಗ ಕಾಗದದ ಮೇಲೆ ಒಬ್ಬನ ಲೆಕ್ಕ ಮಾಡೋಣ. ಅವನ ಕಾರು 450ನೇ ಮೀಟರಿನಲ್ಲಿದೆ, ಬೆಂಕಿಯಿಂದ 150 ಮೀಟರ್ ದೂರ. ಹೊಗೆ ತಳ್ಳುವ ಫ್ಯಾನು ಇನ್ನೂ ಶುರುವಾಗಿಲ್ಲ, ಹೊಗೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಅವನ ಕಡೆ ಬರುತ್ತಿದೆ ಅಂತ ಇಟ್ಟುಕೊಳ್ಳಿ. 500ರ ಬಾಗಿಲು ಹತ್ತಿರವೇ, ಆದರೆ ಬೆಂಕಿಯ ಕಡೆಗಿದೆ. ಹಾಗಾಗಿ ಅವನು ಹೋಗಬೇಕಾದ ಬಾಗಿಲು 250ರಲ್ಲಿ, 200 ಮೀಟರ್ ಹಿಂದೆ. ಅವನು 60ನೇ ಸೆಕೆಂಡಿಗೆ ಹೊರಟು ಸೆಕೆಂಡಿಗೆ 1 ಮೀಟರ್ ನಡೆದರೆ 260ನೇ ಸೆಕೆಂಡಿಗೆ ಬಾಗಿಲು ಮುಟ್ಟುತ್ತಾನೆ, ಹೊಗೆ ಅಲ್ಲಿಗೆ ಬರುವುದು 350ಕ್ಕೆ. ಅವನ ಮೂಗಿಗೆ ಹೊಗೆ ತಾಗುವುದೇ ಇಲ್ಲ. ಈಗ ಅವನು ಇನ್ನೆರಡು ನಿಮಿಷ ಕಾರಿನಲ್ಲೇ ಕೂತು 180ನೇ ಸೆಕೆಂಡಿಗೆ ಹೊರಟ ಅಂತಿಟ್ಟುಕೊಳ್ಳಿ. ಹೊಗೆ 150ಕ್ಕೇ ಅವನನ್ನು ಮುಚ್ಚಿದೆ. ಒಂದು ಮೀಟರ್ ಕಾಣುತ್ತಿದೆ, ವೇಗ 0.32. ಅದೇ 200 ಮೀಟರಿಗೆ 625 ಸೆಕೆಂಡ್. ಒಟ್ಟು ಸುಮಾರು 11 ನಿಮಿಷ ಹೊಗೆಯಲ್ಲಿ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ 2000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 2000 ಭಾಗ, ಇದೆ ಅಂತ ಹಾಕಿ. ಪಿಪಿಎಂ ಅನ್ನು ನಿಮಿಷದಿಂದ ಗುಣಿಸಿ 35,000ರಿಂದ ಭಾಗಿಸಿದರೆ ವಿಷದ ಪ್ರಮಾಣದ ಅಂಕ ಸಿಗುತ್ತದೆ, ಇಲ್ಲಿ 0.6ರ ಮೇಲೆ. ಒಂದು ಅಂದರೆ ಸಾಮಾನ್ಯ ಮನುಷ್ಯ ಕುಸಿಯುವ ಮಟ್ಟ, ಆದರೆ ದುರ್ಬಲರನ್ನು ಗಣನೆಗೆ ತೆಗೆದುಕೊಂಡು 0.3ನ್ನೇ ಗಡಿಯಾಗಿ ಇಡುತ್ತಾರೆ. ಡಯಾಲಿಸಿಸ್‌ಗೆ ಹೊರಟ ಆ ಯಜಮಾನರು ಇಲ್ಲಿ ಉಳಿಯುತ್ತಾರೆ ಅಂತ ನಾನು ಬರೆಯಲಾರೆ.

ಅವನು ಗಟ್ಟಿ ಯುವಕ, 1.5 ಮೀಟರ್ ವೇಗದವನು ಅಂತ ಬದಲಾಯಿಸಿ ನೋಡಿ. ಏನೂ ದೊಡ್ಡ ವ್ಯತ್ಯಾಸ ಬರುವುದಿಲ್ಲ, ಯಾಕೆಂದರೆ ಹೊಗೆಯೊಳಗೆ ವೇಗವನ್ನು ತೀರ್ಮಾನಿಸುವುದು ಕಣ್ಣು, ಕಾಲಲ್ಲ.

ಬೆಂಕಿಯ ಗಾತ್ರದ ಬಗ್ಗೆ ಒಂದು ಮಾತು. ಬೆಂಕಿ ಬಿಡುವ ಶಾಖವನ್ನು ಕಾರಿಗೆ 5 ಮೆಗಾವಾಟ್, ಬಸ್ಸಿಗೆ 20ರಿಂದ 30 ಅಂತ ಲೆಕ್ಕಕ್ಕೆ ಹಾಕುತ್ತಾರೆ. ಲಾರಿಯದು ಬೇರೆಯೇ. ನಾರ್ವೆಯ ರೂನೆಹಾಮಾರ್ ಸುರಂಗದಲ್ಲಿ 2003ರಲ್ಲಿ ಮರ, ಪ್ಲಾಸ್ಟಿಕ್, ಪೀಠೋಪಕರಣದಂಥ ಮಾಮೂಲಿ ಸರಕನ್ನೇ ಸುಟ್ಟು ನೋಡಿದಾಗ ಒಂದು ಪರೀಕ್ಷೆಯಲ್ಲಿ 200 ಮೆಗಾವಾಟ್ ದಾಟಿತು. ಪೆಟ್ರೋಲ್ ಟ್ಯಾಂಕರ್ ಬೇಕಾಗಿಲ್ಲ.

ಯಾವ ಕಡೆ ಹೋಗುತ್ತಾರೆ

ಹತ್ತಿರದ ಬಾಗಿಲಿಗೆ ಹೋಗು ಅಂತ ಬರೆದುಬಿಡುವುದು ಸುಲಭ. ಜನ ಹಾಗೆ ಮಾಡುವುದಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗುತ್ತಾರೆ, ಅಥವಾ ಮುಂದೆ ಹೋಗುವವರ ಬೆನ್ನು ಹಿಡಿಯುತ್ತಾರೆ. ಗುರುತಿರುವ ದಾರಿ, ಗುರುತಿರುವ ಜನ, ಇವೆರಡರ ಕಡೆ ಮನುಷ್ಯ ವಾಲುತ್ತಾನೆ ಅಂತ ಸಂಶೋಧಕ ಜೊನಾಥನ್ ಸೈಮ್ 1980ರ ದಶಕದಲ್ಲೇ ತೋರಿಸಿದರು. ಆದ್ದರಿಂದ ಬಾಗಿಲಿಗೂ ಅಂಕ ಕೊಡಿ: ದೂರ, ಗುರುತು, ದೀಪ ಕಾಣುತ್ತದಾ, ಎಷ್ಟು ಜನ ಆ ಕಡೆ ಹೋಗುತ್ತಿದ್ದಾರೆ. ತನ್ನದೇ ಬೆಳಕಿರುವ ಫಲಕ ಹೊಗೆಯಲ್ಲಿ ಬರೀ ಬೆಳಕು ಪ್ರತಿಫಲಿಸುವ ಫಲಕಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ ದೂರಕ್ಕೆ ಕಾಣುತ್ತದೆ, ಇದನ್ನು ಸೇರಿಸಿ. ಬಾಗಿಲಿನ ಮೇಲೆ ಮಿನುಗುವ ಹಸಿರು ದೀಪ ಜನರನ್ನು ಸೆಳೆಯುತ್ತದೆ ಅಂತ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ತೋರಿಸಿದ್ದಾರೆ.

ದಟ್ಟ ಹೊಗೆಯಲ್ಲಿ ಜನ ಗೋಡೆ ಹಿಡಿದು ನಡೆಯುತ್ತಾರೆ. ಬಾಗಿಲು ಎದುರಿನ ಗೋಡೆಯಲ್ಲಿದ್ದರೆ ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ, ಹತ್ತು ಮೀಟರ್ ಆಚೆ ಬಾಗಿಲಿದ್ದರೂ ಗೊತ್ತಾಗುವುದಿಲ್ಲ. ಈ ನಿಯಮ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಓಡಿಸಿ ನೋಡಿ, ಎದೆ ಧಸಕ್ಕೆನ್ನುತ್ತದೆ.

ಮನೆಯವರನ್ನು ಬಿಡಿಸಬೇಡಿ. ಒಂದು ಕಾರಿನವರು ಒಂದು ಗುಂಪು, ಗುಂಪಿನ ವೇಗ ಅಂದರೆ ಅವರಲ್ಲಿ ನಿಧಾನದವರ ವೇಗ. ಎಲ್ಲರೂ ಹುಚ್ಚೆದ್ದು ತುಳಿದುಕೊಂಡು ಓಡುತ್ತಾರೆ ಅಂತ ಬರೆಯಬೇಡಿ, ನಿಜವಾದ ದುರಂತಗಳಲ್ಲಿ ಅದು ಅಪರೂಪ. ಗುರುತಿಲ್ಲದವರಿಗೂ ಕೈ ಕೊಡುವುದೇ ಜಾಸ್ತಿ. ನಡೆಯಲಾಗದವರನ್ನು ಇಬ್ಬರು ಹಿಡಿದುಕೊಂಡು ಹೋಗುವ ನಿಯಮವೂ ಇರಲಿ, ಆಗ ಆ ಮೂವರ ವೇಗವೂ ಇಳಿಯುತ್ತದೆ.

ಮಾಡೆಲ್ ಸರಿ ಉಂಟಾ ಅಂತ ನೋಡುವುದು

ಮೊದಲು ಚಿಕ್ಕ ಪರೀಕ್ಷೆ. 2 ಮೀಟರ್ ಅಗಲ, 40 ಮೀಟರ್ ಉದ್ದದ ದಾರಿಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ಒಬ್ಬನೇ ಏಜೆಂಟನ್ನು ಬಿಡಿ. 40 ಸೆಕೆಂಡಿಗೆ ತಲುಪಬೇಕು. ಹಡಗುಗಳಿಂದ ಜನರನ್ನು ತೆರವು ಮಾಡುವ ಮಾಡೆಲ್‌ಗಳಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಇಟ್ಟಿರುವ ಮೊದಲ ಪರೀಕ್ಷೆ ಇದೇ. ಆಮೇಲೆ ಹೊರಡುವ ಸಮಯ ಮಾತ್ರ, ಆಮೇಲೆ ಬಾಗಿಲು ಮಾತ್ರ, ಹೀಗೆ ಒಂದೊಂದೇ ಭಾಗ. ಎಲ್ಲ ಒಟ್ಟಿಗೆ ಹಾಕಿ ಪರದೆಯ ಮೇಲೆ ಚುಕ್ಕೆಗಳು ಚಂದ ಓಡಿದವು ಅಂತ ನಂಬಬೇಡಿ.

ಒಂದು ಸಲ ಓಡಿಸಿ ಬಂದ ಉತ್ತರಕ್ಕೆ ಬೆಲೆ ಇಲ್ಲ. ಬೇರೆ ಬೇರೆ ರ‍್ಯಾಂಡಮ್ ಸೀಡ್, ಅಂದರೆ ಯಾದೃಚ್ಛಿಕ ಸಂಖ್ಯೆಗಳನ್ನು ಶುರು ಮಾಡಿಸುವ ಅಂಕೆ, ಕೊಟ್ಟು ನೂರಾರು ಸಲ ಓಡಿಸಿ. ನೆಟ್‌ಲೋಗೋದ ಬಿಹೇವಿಯರ್‌ಸ್ಪೇಸ್ ಇದಕ್ಕೆಂದೇ ಇದೆ. ಸರಾಸರಿಯನ್ನು ವರದಿಯ ಮೇಲ್ಗಡೆ ಹಾಕಬೇಡಿ, ಕೊನೆಯ ಐದು ಶೇಕಡಾ ಜನ ಯಾವಾಗ ಪಾರಾದರು, ಪಾರಾಗದವರು ಯಾವ ವಾಹನದವರು, ಎಷ್ಟನೇ ಮೀಟರಿನಲ್ಲಿ ಇದ್ದರು ಅನ್ನುವುದನ್ನು ಹಾಕಿ.

ಆಮೇಲೆ ಒಂದೊಂದೇ ಬದಲಾಯಿಸಿ. ಸೂಚನೆ 60ನೇ ಸೆಕೆಂಡಿಗೆ ಬದಲು 120ಕ್ಕೆ ಬಂದರೆ? ಇಂಗ್ಲಿಷ್ ಜೊತೆ ಮಲಯಾಳಂ ಮತ್ತು ಕನ್ನಡ ಸೇರಿಸಿದರೆ? ಬಾಗಿಲಿನ ಅಂತರ 250ರಿಂದ 500ಕ್ಕೆ ಹೋದರೆ? ಬಸ್ಸು ಬೆಂಕಿಯ ಹತ್ತಿರ ನಿಂತಿದ್ದರೆ? ಸೂಚನೆಯ ಭಾಷೆ ಬದಲಾಯಿಸಲು ಕಾಂಕ್ರೀಟ್ ಒಡೆಯಬೇಕಾಗಿಲ್ಲ, ಧ್ವನಿ ಮುದ್ರಿಸಿದರೆ ಸಾಕು. ಅದರಿಂದ ಎಷ್ಟು ಜನ ಹೆಚ್ಚು ಪಾರಾಗುತ್ತಾರೆ ಅನ್ನುವ ಸಂಖ್ಯೆ ನಿಮ್ಮ ಮಾಡೆಲ್ ಕೊಟ್ಟರೆ, ಸುರಂಗ ಕಟ್ಟುವವರ ಮುಂದೆ ಇಡಲು ಅದಕ್ಕಿಂತ ಒಳ್ಳೆಯದು ಬೇಡ.

ವರದಿಯಲ್ಲಿ ನೀವು ಊಹಿಸಿದ್ದು ಯಾವುದು, ಅಳೆದದ್ದು ಯಾವುದು, ಪ್ರಯೋಗಗಳಿಂದ ತಗೊಂಡದ್ದು ಯಾವುದು ಅಂತ ಬೇರೆ ಬೇರೆ ಕೋಷ್ಟಕದಲ್ಲಿ ಬರೆಯಿರಿ. ಸೀಡ್ ಸಂಖ್ಯೆಗಳನ್ನೂ ಕೊಡಿ, ಬೇರೆಯವರು ಅದನ್ನೇ ಮತ್ತೆ ಓಡಿಸಬೇಕಲ್ವಾ. ಮುಗಿದ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹತ್ತಿರದ ಅಗ್ನಿಶಾಮಕ ನಿಲಯಕ್ಕೆ ಹೋಗಿ, ಅಲ್ಲಿನ ಸಿಬ್ಬಂದಿಗೆ ಒಂದು ಸಲ ಓಡಿಸಿ ತೋರಿಸಿ, ಯಾವ ಚುಕ್ಕೆ ನಿಜವಾದ ಮನುಷ್ಯನ ಹಾಗೆ ನಡೆದುಕೊಳ್ಳುತ್ತಿಲ್ಲ ಅಂತ ಕೇಳಿ. ಅವರು ಬೆರಳಿಟ್ಟು ತೋರಿಸಿದ ಕಡೆಯಿಂದ ಎರಡನೇ ಆವೃತ್ತಿಯ ಕೆಲಸ ಶುರು ಮಾಡಿ.